ತನ್ನ ಕಥೆಯನ್ನು ತಾನೇ ಮನೆಮನೆಗೆ ಹಾಕುವ ಹುಸೇನಬಿ

ಎಡಗೈ ಪತ್ರಿಕೆಯ ಮಡಿಕೆ ಬಿಡಿಸುತ್ತದೆ. ಬಲಗೈ ಪುರವಣಿಯನ್ನು ಒಳಗೆ ತೂರಿಸುತ್ತದೆ. ಮೊಣಕಾಲು ಅದನ್ನು ಪಕ್ಕದ ರಾಶಿಗೆ ತಳ್ಳುತ್ತದೆ. ಭಾನುವಾರದ ಈ ಕೆಲಸ ಆಗಲೇ ಅರ್ಧ ಮುಗಿದಿದೆ. ದಾಂಡೇಲಿ ಬಸ್ ನಿಲ್ದಾಣದ ಕಟ್ಟೆಯ ಮೇಲೆ, ಟ್ಯೂಬ್‌ಲೈಟಿನ ಕೆಳಗೆ ಗೋಣಿಚೀಲ ಹಾಸಿಕೊಂಡು ಕುಳಿತ ಹುಸೇನಬಿಯವರಿಗೆ ಇದಕ್ಕೆ ಕಣ್ಣು ಬೇಕಿಲ್ಲ. ಕಣ್ಣು ತನ್ನ ಪಾಡಿಗೆ ಮೇಲಿನ ಪುಟ ಓದುತ್ತಿರುತ್ತದೆ. ಹುಬ್ಬಳ್ಳಿಯಿಂದ ಕಟ್ಟು ತಂದ ವ್ಯಾನು ಇನ್ನೂ ರಸ್ತೆಯ ತಿರುವಿನಲ್ಲೇ ಇದೆ, ಅದರ ಚಾಲಕ ಚಹಾಕ್ಕೆ ಇಳಿದಿದ್ದಾನೆ.

ಒಂದು ಪುರವಣಿ ಕೈಜಾರಿ ಬಿಚ್ಚಿಕೊಳ್ಳುತ್ತದೆ. ಕಥೆಯ ಪುಟ. ತಲೆಬರಹ ‘ಅಡ್ಡ ಮಂಚ’. ಕೆಳಗೆ ‘ಹುಸೇನಬಿ, ದಾಂಡೇಲಿ’.

ಕೈ ನಿಲ್ಲುತ್ತದೆ.

“ಯಾಕ ಬೇಟಿ, ಪೇಪರಿನ್ಯಾಗ ಹಾವು ಕುಂತೈತೇನು?” ಎಂದು ಎದುರಿಗೆ ಕುಳಿತ ವಜೀರ ಚಾಚಾ ಕೇಳುತ್ತಾರೆ. ಕಾಗದದ ಕಾರ್ಖಾನೆಯಿಂದ ನಿವೃತ್ತರಾದ ಮೇಲೆ ಊರಿನ ಅರ್ಧ ಭಾಗಕ್ಕೆ ಸೈಕಲ್ಲಿನಲ್ಲಿ ಪತ್ರಿಕೆ ಹಾಕುವವರು ಅವರೇ.

“ನನ್ನ ಕಥಿ ಬಂದೈತಿ ಚಾಚಾ.”

“ಮತ್ತ ಮಾರಿ ಯಾಕ ಹಂಗ ಮಾಡಿದಿ? ಬರಬೇಕಂತಽ ಅಲ್ಲ ಕಳಸೂದು?”

ಹುಸೇನಬಿ ಪುರವಣಿಯನ್ನು ಮಡಿಚಿ ಪತ್ರಿಕೆಯೊಳಗೆ ತೂರಿಸುತ್ತಾರೆ. ಕಥೆ ಕಳಿಸಿ ಆರೇಳು ತಿಂಗಳಾಗಿತ್ತು. ಒಪ್ಪಿಗೆಯಾಗಿದೆ ಎಂದು ಸಂಪಾದಕರು ತಿಳಿಸಿದ್ದರು, ಯಾವ ವಾರ ಎಂದು ಹೇಳಿರಲಿಲ್ಲ. ಹೇಳುವ ವಾಡಿಕೆಯೂ ಇಲ್ಲ. ಬೇರೆ ಲೇಖಕರಿಗಾದರೆ ತಮ್ಮ ಕಥೆ ಅಚ್ಚಾದ ಸುದ್ದಿ ಬೆಳಗಿನ ಚಹಾದ ಜೊತೆ ಸಿಗುತ್ತದೆ. ಈಕೆಗೆ ಸಿಗುವುದು ಊರಿಗೆಲ್ಲ ಹಂಚಬೇಕಾದ ಕಟ್ಟಿನ ರೂಪದಲ್ಲಿ. ಆ ಕಟ್ಟಿನಲ್ಲಿ ಒಂದು ಪ್ರತಿ ಕೋಗಿಲಬನದ ಗೋದುಬಾಯಿಯವರ ಚಹಾದಂಗಡಿಗೆ ಹೋಗಬೇಕು. ಕಥೆ ಗೋದುಬಾಯಿಯವರದು.

ಸಿದ್ದಿ ಮುಸ್ಲಿಂ ಕುಟುಂಬದ ಹುಸೇನಬಿ ಹುಟ್ಟಿದ್ದು ಹಳಿಯಾಳ ತಾಲ್ಲೂಕಿನ ಕಾಡಂಚಿನ ಹಳ್ಳಿಯಲ್ಲಿ. ಹಳಿಯಾಳದ ಹಾಸ್ಟೆಲಿನಲ್ಲಿದ್ದು ಎಸ್ಸೆಸ್ಸೆಲ್ಸಿ ಮುಗಿಸಿದರು, ಮದುವೆಯಾಗಿ ದಾಂಡೇಲಿಗೆ ಬಂದರು. ಗಂಡ ಪತ್ರಿಕೆಯ ಏಜೆನ್ಸಿ ಹಿಡಿದಿದ್ದರು. ಆಮೇಲೆ ಗೋವಾ ಲಾರಿಯ ಸ್ಟೇರಿಂಗ್ ಹಿಡಿದರು. ಏಜೆನ್ಸಿ ಹೆಂಡತಿಯ ಪಾಲಿಗೆ ಬಂತು. ಮಳೆಯಿರಲಿ, ಜ್ವರವಿರಲಿ, ನಸುಕಿನಲ್ಲಿ ಬಸ್ ನಿಲ್ದಾಣಕ್ಕೆ ಬರಲೇಬೇಕು. ಮೊದಮೊದಲು ಜನ ಪತ್ರಿಕೆ ತಗೊಂಡು ಮುಖ ನೋಡುತ್ತಿದ್ದರು. ಈಗ ಪತ್ರಿಕೆ ತಡವಾದರೆ ಮಾತ್ರ ಮುಖ ನೋಡುತ್ತಾರೆ.

ಮಾರಾಟವಾಗದೆ ಉಳಿದ ಪತ್ರಿಕೆಗಳೇ ಅವರಿಗೆ ಓದಿನ ರುಚಿ ಹತ್ತಿಸಿದ್ದು. ಮಧ್ಯಾಹ್ನ ಅಡುಗೆ ಮುಗಿಸಿ, ಉಳಿದ ಕಟ್ಟಿನಿಂದ ಪುರವಣಿ ತೆಗೆದು ಓದುತ್ತಿದ್ದರು. ಓದಿ ಓದಿ ಒಂದು ದಿನ, ಇಂಥದ್ದೊಂದು ನನ್ನ ಹತ್ತಿರವೂ ಇದೆಯಲ್ಲ ಅನ್ನಿಸಿತು. ಮೊದಲ ಕಥೆಯನ್ನು ಮೊಬೈಲಿನಲ್ಲೇ ಒತ್ತಿದರು. ಅದು ತಿರುಗಿ ಬಂತು. ಎರಡನೆಯದು ತಿರುಗಿ ಬರಲೂ ಇಲ್ಲ. ಮುಂಡಗೋಡದ ಟಿಬೆಟನ್ ಕಾಲೊನಿಯಲ್ಲಿ ಗೋವಿನಜೋಳ ಮುರಿಯಲು ಕೂಲಿಗೆ ಹೋಗುವ ಹೆಂಗಸೊಬ್ಬಳ ಕಥೆ ಅಚ್ಚಾದಾಗ ಈಕೆ ಏಜೆಂಟಾಗಿ ಹತ್ತು ವರ್ಷ ಕಳೆದಿತ್ತು.

ಅಲ್ಲಿಂದ ಜನ ಬರತೊಡಗಿದರು. ಜೊಯಿಡಾದ ನಿವೃತ್ತ ಅರಣ್ಯ ರಕ್ಷಕ, ಚಿಗಳ್ಳಿಯ ಹೊಲಿಗೆ ಮಾಡುವ ಮಾಲವ್ವ, ಹಳಿಯಾಳದ ಕಾಲೇಜು ಹುಡುಗರು. ಎಲ್ಲರದೂ ಒಂದೇ ಪ್ರಶ್ನೆ: ಅಚ್ಚಾಗುವುದು ಹೇಗೆ? ಹುಸೇನಬಿ ಯಾರಿಗೂ ಪಾಠ ಮಾಡುವುದಿಲ್ಲ. ಕೆಲಸ ಮಾಡುತ್ತಲೇ ಕೇಳಿದ್ದಕ್ಕಷ್ಟೇ ಉತ್ತರಿಸುತ್ತಾರೆ.

ಈ ಭಾನುವಾರ ಬಂದವಳು ರೂಪಾಲಿ. ಜೊಯಿಡಾ ಕಡೆಯ ಹೋಂಸ್ಟೇ ಒಂದರಲ್ಲಿ ಅತಿಥಿಗಳ ಊಟ-ತಿಂಡಿ ನೋಡಿಕೊಳ್ಳುತ್ತಾಳೆ. ಮನೆಮಾತು ಕೊಂಕಣಿ, ಬರೆಯುವುದು ಕನ್ನಡ. ಮೊದಲ ಬಸ್ಸಿಗೆ ಇಳಿದವಳೇ ಕಟ್ಟೆಯ ಹತ್ತಿರ ನಿಂತು, ಬಹಳ ದಿನದಿಂದ ಇಟ್ಟುಕೊಂಡಿದ್ದ ಪ್ರಶ್ನೆ ಕೇಳುತ್ತಾಳೆ.

“ಅಕ್ಕಾ, ಲೇಖಕಿ ಆಗಬೇಕಂದ್ರ ಮೊದ್ಲ ಏನ್ ಮಾಡಬೇಕ್ರಿ?”

“ಮೊದ್ಲ ಈ ಕಟ್ಟು ಎತ್ತಿ ನನ್ನ ಸ್ಕೂಟಿ ಮ್ಯಾಲ ಇಡು.”

ರೂಪಾಲಿ ನಗುತ್ತ ಎತ್ತಿಡುತ್ತಾಳೆ. ಪುರವಣಿಯಲ್ಲಿ ಅಕ್ಕನ ಹೆಸರು ಕಂಡು ಅವಳಿಗೆ ತನ್ನದೇ ಬಂದಷ್ಟು ಹಿಗ್ಗು. ಒಂದು ಪ್ರತಿ ಕೇಳಿ ತಗೊಂಡು ಚೀಲಕ್ಕೆ ಹಾಕಿಕೊಳ್ಳುತ್ತಾಳೆ. ಹುಸೇನಬಿ ಅದನ್ನು ಗಮನಿಸಿಯೂ ಅದರ ಬಗ್ಗೆ ಯೋಚಿಸುವುದಿಲ್ಲ. ಅವರ ಮನಸ್ಸು ಬೇರೊಂದು ಕಡೆ ಇದೆ. ಕಟ್ಟಿನಿಂದ ಒಂದು ಪತ್ರಿಕೆ ಎಳೆದು, ಆಗಷ್ಟೇ ತೂರಿಸಿದ್ದ ಪುರವಣಿಯನ್ನು ಹೊರತೆಗೆದು ಸ್ಕೂಟಿಯ ಸೀಟಿನ ಕೆಳಗೆ ಹಾಕುತ್ತಾರೆ. ಪುರವಣಿಯಿಲ್ಲದ ಆ ಪ್ರತಿಯನ್ನು ಮಡಿಚಿ ಎಲ್ಲಕ್ಕಿಂತ ಕೆಳಗಿಡುತ್ತಾರೆ. ಇಷ್ಟು ವರ್ಷದಲ್ಲಿ ಯಾವ ಮನೆಗೂ ಅವರು ಹೀಗೆ ಮಾಡಿದ್ದಿಲ್ಲ.

ಸ್ಕೂಟಿ ಪಟೇಲನಗರದ ಗಲ್ಲಿಗಳಲ್ಲಿ ಸುತ್ತುತ್ತದೆ. ಹಿಂದೆ ಕುಳಿತ ರೂಪಾಲಿ ಪತ್ರಿಕೆ ತೆಗೆದು ಕೊಡುತ್ತಾಳೆ, ಮುಂದೆ ಕುಳಿತವರು ಗೇಟಿನ ಸಂದಿಗೆ, ಕಿಟಕಿಯ ಸರಳಿಗೆ, ತುಳಸಿಕಟ್ಟೆಯ ಮೇಲಕ್ಕೆ ಒಗೆಯುತ್ತಾರೆ. ನಡುನಡುವೆ ಮಾತು.

“ಕಥಿ ಕಳಸೂಕಿಂತ ಮೊದ್ಲ ಆ ಪೇಪರ್ ಓದಬೇಕು. ಆರ್ ತಿಂಗಳು ಓದು. ಅವ್ರು ಎಷ್ಟ್ ಉದ್ದದ್ದು ಹಾಕ್ತಾರ, ಎಂಥಾದ್ದು ಹಾಕ್ತಾರ ತಿಳೀತೈತಿ. ನನ್ನ ಹತ್ರ ಬರೂ ಮಂದಿಯೊಳಗ ಅರ್ಧ ಜನ ಪೇಪರಽ ತಗೊಳ್ಳೂದಿಲ್ಲ. ಕಥಿ ಮಾತ್ರ ಅದರೊಳಗ ಬರಬೇಕು.”

“ಒಂದಽ ಕಥಿ ನಾಕ್ ಕಡೆ ಕಳಸಿದ್ರ?”

“ನಾಕೂ ಕಡೆ ಬಂದ್ರ ಯಾರ ಮುಂದ ಮಾರಿ ತೋರಸ್ತಿ? ಒಂದ್ ಕಡೆ ಕಳಸು, ಕಾಯಿ. ಬರ್ಲಿಲ್ಲ, ಇನ್ನೊಂದ್ ಕಡೆ. ಕಾಯೂದ್ರೊಳಗ ಸುಮ್ನ ಕುಂದ್ರಬ್ಯಾಡ, ಮುಂದಿಂದು ಬರಿ. ಮತ್ತ ಸಂಪಾದಕರಿಗೆ ದಿನಾ ಫೋನ್ ಹಚ್ಚಬ್ಯಾಡ. ಅವ್ರೇನ್ ನಿನ್ನ ಮಾವನ ಮಗ ಅಲ್ಲ.”

ತಿದ್ದುವ ಕೆಲಸಕ್ಕೆ ಹುಸೇನಬಿಯವರದು ಬೇರೆಯದೇ ದಾರಿ. ಬರೆದದ್ದನ್ನು ವಜೀರ ಚಾಚಾನಿಗೆ ಓದಿ ಹೇಳುತ್ತಾರೆ. ಚಾಚಾ ಹೊಗಳುವವರಲ್ಲ, ತೆಗಳುವವರೂ ಅಲ್ಲ. ಬೇಸರವಾದರೆ ಎದ್ದು ಸೈಕಲ್ಲಿಗೆ ಗಾಳಿ ಹೊಡೆಯಲು ಹೋಗುತ್ತಾರೆ. “ಅವ್ರು ಪಂಪ್ ಹುಡುಕಾಕ ಎದ್ರಂದ್ರ ಆ ಪುಟ ಹೋತು ಅಂತ ತಿಳ್ಕೋಬೇಕು. ನನ್ನ ಮೊದ್ಲಿನ ಕಥಿ ಓದಿದಾಗ ಎರಡೂ ಗಾಲಿಗೆ ಗಾಳಿ ತುಂಬಿತ್ತು” ಎಂದು ನಗುತ್ತಾರೆ.

ಸಿದ್ದಿ ಹೆಂಗಸು ಎಂದ ಕೂಡಲೇ ಕುಣಿತ, ಡಮಾಮಿ ವಾದ್ಯ, ಕಾಡು ಎಂದು ಕೇಳುವವರೂ ಇದ್ದಾರೆ. ನಿಮ್ಮ ಜನರ ಕಷ್ಟ ಬರೆಯಿರಿ, ಬೇಗ ಹೆಸರಾಗುತ್ತದೆ ಎಂದು ಒಬ್ಬರು ಫೋನಿನಲ್ಲಿ ಸಲಹೆ ಕೊಟ್ಟಿದ್ದರು. “ನಾ ಸಿದ್ದಿ ಅನ್ನೂದು ನನ್ನ ಮಾರಿ ನೋಡಿದ್ರಽ ತಿಳೀತೈತಿ. ಕಥಿಯೊಳಗ ಮತ್ತ ಮತ್ತ ಯಾಕ ಹೇಳಲಿ? ಬರಿಯೂ ಹೊತ್ತಿಗೆ ಹೇಳ್ತೇನಿ. ಯಾರೋ ಕೇಳ್ಯಾರಂತ ಅಲ್ಲ.”

ರೂಪಾಲಿಗೆ ಪುಸ್ತಕದ ಆಸೆಯೂ ಇದೆ. ಹುಸೇನಬಿ ಆ ಆಸೆಗೆ ತಣ್ಣೀರು ಹಾಕುವುದಿಲ್ಲ, ಹಳಿಯಾಳದ ನಿವೃತ್ತ ಮಾಸ್ತರರೊಬ್ಬರ ಸಂಗತಿ ಹೇಳುತ್ತಾರೆ. ಅವರು ತಾವೇ ದುಡ್ಡು ಹಾಕಿ ಪುಸ್ತಕ ಮಾಡಿಸಿದರು. ಪ್ರತಿಗಳು ಈಗ ಅಕ್ಕಿಚೀಲದ ಪಕ್ಕದಲ್ಲಿವೆ. ಮನೆಗೆ ಬಂದ ಬೀಗರಿಗೆ ಅರಿಶಿನ-ಕುಂಕುಮದ ಜೊತೆ ಒಂದೊಂದು ಕೊಟ್ಟು ಕಳಿಸುತ್ತಾರೆ. “ಮಾಡಿಸ್ಕೊಡ್ತೇವಿ ಅಂತ ಯಾರರ ಬಂದ್ರ ಒಂದಽ ಮಾತು ಕೇಳು: ಮಾರೋರು ಯಾರ್ರಿ? ಅದಕ್ಕ ಉತ್ರ ಇಲ್ಲದವ್ರು ಪ್ರಕಾಶಕರಲ್ಲ.”

ಅವರದೇ ಮೊದಲ ಪುಸ್ತಕ ಈಗ ಬಾಗಿಲ ತನಕ ಬಂದು ನಿಂತಿದೆ. ಧಾರವಾಡದ ಪ್ರಕಾಶಕರೊಬ್ಬರು ತಮ್ಮ ಖರ್ಚಿನಲ್ಲೇ ತರಲು ಒಪ್ಪಿದ್ದಾರೆ. ಒಪ್ಪಿದ್ದೇ ‘ಅಡ್ಡ ಮಂಚ’ ಓದಿದ ಮೇಲೆ. ಪುಸ್ತಕಕ್ಕೂ ಅದೇ ಹೆಸರು, ಮುಖಪುಟಕ್ಕೂ ಮಂಚದ್ದೇ ಚಿತ್ರ. “ಕಥಿದು ಈ ಕೊನಿ ಇರೂದಕ್ಕಽ ಈ ಪುಸ್ತಕ ಆಗಾಕತ್ತೈತಿ ನೋಡ್ರಿ ಅಕ್ಕಾರ” ಎಂದಿದ್ದಾರೆ. ಪುಟಗಳೆಲ್ಲ ಸಿದ್ಧವಾಗಿ ಮೊಬೈಲಿಗೆ ಬಂದಿವೆ. ಹುಸೇನಬಿ ಒಮ್ಮೆ ನೋಡಿ ಇವತ್ತು ಸಂಜೆಯೊಳಗೆ ಹ್ಞೂಂ ಅನ್ನಬೇಕು. ನಾಳೆ ಅಚ್ಚಿಗೆ.

ಕೋಗಿಲಬನದ ರಸ್ತೆಯಲ್ಲಿ ಕಾಳಿ ನದಿಯ ಮೇಲಿನ ಮಂಜು ಇನ್ನೂ ಬಿಟ್ಟಿಲ್ಲ. ಇಲ್ಲಿಗೆ ಬಂದ ಮೇಲೆ ಹುಸೇನಬಿ ಸ್ಕೂಟಿಯ ವೇಗ ಇಳಿಸುತ್ತಾರೆ.

ಗೋದುಬಾಯಿಯವರ ಮನೆಯ ಮುಂದಿನ ಕೋಣೆಯೇ ಚಹಾದಂಗಡಿ. ಮನೆಮಾತು ಮರಾಠಿ. ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಪತ್ರಿಕೆ ಹಾಕಿಸಿಕೊಳ್ಳುವುದು ಗಿರಾಕಿಗಳಿಗಾಗಿ. ಅಂಗಡಿಯಲ್ಲಿ ಕೂತರೆ ಒಳಕೋಣೆಯ ಬಾಗಿಲು ಕಾಣುತ್ತದೆ, ಆ ಬಾಗಿಲಿಗೆ ಅರ್ಧ ಅಡ್ಡವಾಗಿ ಹಾಕಿದ ಮಂಚ ಕಾಣುತ್ತದೆ. ಕೈ ತೊಳೆಯಲು ಹಿತ್ತಲಿಗೆ ಹೋಗುವವರು ಮೈ ಓರೆ ಮಾಡಿಕೊಂಡೇ ಹೋಗಬೇಕು. ಯಾಕೆ ಹೀಗೆ ಎಂದು ಕೇಳಿದವರಿಗೆ ಗೋದುಬಾಯಿ “ಗಾಳಿ ಬರ್ತೈತಿ” ಎಂದಷ್ಟೇ ಹೇಳುತ್ತಾರೆ.

ಹುಸೇನಬಿಯವರಿಗೆ ಮಾತ್ರ, ಹೋದ ಮಳೆಗಾಲದ ಒಂದು ಬೆಳಿಗ್ಗೆ, ಮಳೆ ಬಿಡುವವರೆಗೆ ಕೂತಿದ್ದಾಗ, ಬೇರೆ ಸಂಗತಿ ಹೇಳಿದ್ದರು. ಗಂಡ ಹಾಸಿಗೆ ಹಿಡಿದು ಬಹಳ ವರ್ಷ ಬದುಕಿದ್ದ. ಗೋಡೆಗೆ ಹಚ್ಚಿದ ಮಂಚದ ಮೇಲೆ, ಒಲೆಯೂ ಬಾಗಿಲೂ ಎರಡೂ ಕಾಣುವ ಹಾಗೆ ಮಲಗಿರುತ್ತಿದ್ದ. ಯಾರ ಜೊತೆ ಮಾತು, ಯಾಕೆ ನಗು, ನೀರು ತಾ. ರಾತ್ರಿಯೂ ಅದೇ. ಅವನು ಹೋದ ಮೂರನೇ ದಿನ ಬಂದವರೆಲ್ಲ ತಿರುಗಿ ಹೋದ ಮೇಲೆ, ಆಕೆ ಒಬ್ಬರೇ ಮಂಚವನ್ನು ಎಳೆದು ಅಡ್ಡ ಹಾಕಿ, ಅದರ ತುಂಬ ಕೈಕಾಲು ಚಾಚಿ ಮಲಗಿದರು. ಅಷ್ಟು ಚೆನ್ನಾಗಿ ಜನ್ಮದಲ್ಲಿ ನಿದ್ದೆ ಬಂದಿರಲಿಲ್ಲವಂತೆ.

ಹುಸೇನಬಿ ಅದನ್ನು ಬರೆದರು. ಹೆಸರು ಬದಲಿಸಿದರು. ಊರು ಬದಲಿಸಿದರು. ಚಹಾದಂಗಡಿಯನ್ನು ಹಿಟ್ಟಿನ ಗಿರಣಿ ಮಾಡಿದರು. ಮಂಚವನ್ನು ಬದಲಿಸಲಿಲ್ಲ. ಬದಲಿಸಲು ಹೋದಾಗಲೆಲ್ಲ ಕಥೆ ಸಪ್ಪೆಯಾಯಿತು. ಹೊಸಬರಿಗೆಲ್ಲ ಅವರೇ ಹೇಳುವ ಎಚ್ಚರಿಕೆಯ ಮಾತೊಂದಿದೆ, ಹೆಸರು ಬದಲಿಸಿದರೆ ಸಾಲದು, ಮನೆಯನ್ನೂ ಬದಲಿಸಬೇಕು ಎಂದು. ಈ ಸಲ ಅದನ್ನು ಅವರೇ ಕೇಳಲಿಲ್ಲ.

“ಬಂದಳು ನೋಡ್ರಿ ಸರ್ಕಾರದ ಗೆಜೆಟ್” ಎಂದು ಬೆಂಚಿನಿಂದ ಲೋಕೇಶ ಸ್ವಾಗತಿಸುತ್ತಾನೆ. ಪ್ರವಾಸಿಗರನ್ನು ಜೀಪಿನಲ್ಲಿ ಕರೆದೊಯ್ಯುವವನು. ಬೆಳಗಿನ ಚಹಾ ಇಲ್ಲೇ. ಪತ್ರಿಕೆ ಕಸಿದುಕೊಂಡು ಬಿಡಿಸುತ್ತಾನೆ, ಜಾಡಿಸುತ್ತಾನೆ. “ಇದೇನ್ ಬೇ, ಪುರವಣಿ ಎಲ್ಲಿ? ಭಾನುವಾರ ರಾಶಿಭವಿಷ್ಯ ಇಲ್ಲದ ನಾ ಜೀಪ್ ಹೆಂಗ ತಗೀಲಿ?”

“ಈ ಕಟ್ಟಿನ್ಯಾಗ ಒಂದ್ ಕಮ್ಮಿ ಬಂದೈತಿ” ಎನ್ನುತ್ತಾರೆ ಹುಸೇನಬಿ. ಅವರ ದನಿ ಅವರಿಗೇ ಬೇರೆ ಯಾರದೋ ಹಾಗೆ ಕೇಳುತ್ತದೆ.

“ನನ್ನ ಹತ್ರ ಐತ್ರಿ” ಎಂದು ರೂಪಾಲಿ ಚೀಲಕ್ಕೆ ಕೈ ಹಾಕುತ್ತಾಳೆ. “ಇದರಾಗ ಅಕ್ಕನ ಕಥಿ ಬಂದೈತಿ.”

“ಹೌದೇನು? ಓದು ಓದು. ನಮ್ಮ ಪೇಪರ್ ಬಾಯಿ ಏನ್ ಬರೀತಾಳ ಕೇಳೂಣು. ನನ್ನ ಜೀಪಿನ ಸುದ್ದಿ ಅದರಾಗ ಹಾಕಿದ್ರ ರಾಯಲ್ಟಿ ಬೇಕು ನನಗ.”

ಹುಸೇನಬಿ ಒಲೆಯ ಕಡೆ ನೋಡುತ್ತಾರೆ. ಗೋದುಬಾಯಿ ಹಾಲಿನ ಪಾತ್ರೆ ಇಳಿಸುತ್ತ, “ಓದು ಪೋರಿ” ಎನ್ನುತ್ತಾರೆ. “ನನಗೂ ಕೇಳಲಿ. ಇಷ್ಟ್ ದಿನ ಆಕಿ ತಂದು ಹಾಕತಾಳ, ಒಳಗ ಏನ್ ಇರ್ತೈತಿ ನನಗೇನ್ ಗೊತ್ತು.”

ರೂಪಾಲಿ ಚೆನ್ನಾಗಿ ಓದುತ್ತಾಳೆ. ಅವಸರವಿಲ್ಲ, ನಾಟಕವಿಲ್ಲ. ಗಿರಣಿಯ ಹೆಂಗಸು ಬರುತ್ತಾಳೆ, ಹಾಸಿಗೆ ಹಿಡಿದ ಗಂಡ ಬರುತ್ತಾನೆ. ಲೋಕೇಶ ಮೊದಲೆರಡು ಕಡೆ ನಗುತ್ತಾನೆ. ಮಂಚ ಎಳೆಯುವ ಜಾಗ ಬಂದಾಗ ಅವನ ಕಣ್ಣು ತಾನಾಗಿ ಒಳಬಾಗಿಲ ಕಡೆ ಹೋಗುತ್ತದೆ. ಕೂಡಲೇ ತನ್ನ ಲೋಟಕ್ಕೆ ಇಳಿಯುತ್ತದೆ. ಕೊನೆಯ ಸಾಲಿನಲ್ಲಿ ಆ ಹೆಂಗಸು ಮಂಚದ ತುಂಬ ಚಾಚಿಕೊಂಡು, ಯಾರೂ ಕರೆಯದ ರಾತ್ರಿಯೊಳಗೆ ನಿದ್ದೆ ಹೋಗುತ್ತಾಳೆ.

“ಭಾರಿ ಐತಿ” ಎಂದು ಲೋಕೇಶ ಯಾರಿಗೂ ಕೇಳದ ಹಾಗೆ ಹೇಳಿ, ರಾಶಿಭವಿಷ್ಯ ನೋಡದೆಯೇ ಎದ್ದು ಹೋಗುತ್ತಾನೆ.

ಗೋದುಬಾಯಿ ಚಹಾ ಸೋಸುತ್ತಾರೆ. ರೂಪಾಲಿಗೆ ಒಂದು ಲೋಟ ಕೊಟ್ಟು, ಎಂಜಲು ಲೋಟಗಳನ್ನು ಬುಟ್ಟಿಗೆ ಹಾಕಿಕೊಂಡು ಹಿತ್ತಲ ನಲ್ಲಿಯ ಕಡೆ ನಡೆಯುತ್ತಾರೆ. ಹುಸೇನಬಿ ಅವರ ಹಿಂದೆ ಮೈ ಓರೆ ಮಾಡಿಕೊಂಡು ದಾಟುತ್ತಾರೆ.

“ಮಾವಶಿ, ನಿಮ್ಮನ್ನ ಕೇಳಬೇಕಿತ್ತು.”

“ಹ್ಞೂಂ.”

“ಮಂದಿಗೆ ತಿಳೀತು.”

“ತಿಳೀಲಿ ಬಿಡು. ನನಗೀಗ ಯಾರೇನ್ ಅನ್ನೋರದಾರ? ಇದ್ದ ಮಾತಽ ಬರದಿ.” ಗೋದುಬಾಯಿ ಒಂದು ಲೋಟ ತೊಳೆದು ಬೋರಲು ಹಾಕುತ್ತಾರೆ. “ಅರ್ಧ ಬರದಿ.”

ಹುಸೇನಬಿ ಬುಟ್ಟಿಯಿಂದ ಇನ್ನೊಂದು ಲೋಟ ಎತ್ತಿ ಕೊಡುತ್ತಾರೆ.

“ನಿದ್ದಿ ಹತ್ತಿದ್ದು ಬರದಿ. ನಸುಕಿನ್ಯಾಗ ಎಚ್ಚರಾಗಿದ್ದು ಎಲ್ಲಿ? ದಿನದ ರೂಢಿ, ಎದ್ದು ಅವ್ರಿಗೆ ನೀರಂತ ತಂಬಿಗಿ ತುಂಬಿದೆ. ಗ್ವಾಡಿ ತನಕ ಹೋದೆ. ಮಂಚ ಅಲ್ಲಿ ಇರಲಿಲ್ಲ. ನಾನಽ ಎಳದಿದ್ದೆ, ಅದಽ ಮರ್ತಿದ್ದೆ. ತಂಬಿಗಿ ಹಿಡ್ಕೊಂಡು ಅಲ್ಲೇ ಕುಂತು ಅತ್ತೆ ಅಂತ ನಿನಗ ಹೇಳಿದ್ನೋ ಇಲ್ಲೋ?”

“ಹೇಳಿದ್ರಿ.”

“ಮತ್ತ? ನಾ ಬರೇ ಮಲಗಿದಾಕಿ ಏನು?”

ದನಿಯಲ್ಲಿ ಸಿಟ್ಟಿಲ್ಲ. ಉಪ್ಪು ಕಡಿಮೆಯಾಗಿದೆ ಎನ್ನುವಷ್ಟೇ ಸಹಜವಾಗಿ ಹೇಳುತ್ತಾರೆ. ಹುಸೇನಬಿಯವರಿಗೆ ಆ ಮಳೆಯ ಬೆಳಿಗ್ಗೆ ಪೂರ್ತಿ ನೆನಪಿದೆ. ಎರಡನ್ನೂ ಕೇಳಿದ್ದರು, ಎರಡನ್ನೂ ಬರೆದಿದ್ದರು. ಆಮೇಲೆ ಓದಿ ನೋಡಿದಾಗ ಅಳುವ ಭಾಗ ಕಥೆಯ ಕಸುವು ತೆಗೆಯುತ್ತದೆ ಅನ್ನಿಸಿತು. ಅಂಥ ಗಂಡನಿಗಾಗಿ ಅತ್ತಳು ಎಂದರೆ ಓದುವವರು ಒಪ್ಪಲಿಕ್ಕಿಲ್ಲ ಅನ್ನಿಸಿತು. ಒಂದು ಬೆರಳು ಒತ್ತಿ ಅಳಿಸಿದ್ದರು. ಧಾರವಾಡದವರು ಮೆಚ್ಚಿದ್ದು ಹಾಗೆ ಉಳಿದ ಕೊನೆಯನ್ನು. ಅಳುವ ಆ ಭಾಗವನ್ನು ಹುಸೇನಬಿ ವಜೀರ ಚಾಚಾನಿಗೂ ಓದಿ ಹೇಳಿರಲಿಲ್ಲ.

“ಚಹಾ ಆರ್ತೈತಿ, ಹೋಗು” ಎನ್ನುತ್ತಾರೆ ಗೋದುಬಾಯಿ. “ಮತ್ತ ನಾಳಿಂದ ಪೇಪರ್ ಪೂರ್ತಿ ಹಾಕು. ರೊಕ್ಕ ಪೂರ್ತಿ ಕೊಡ್ತೇನಿ ನಾ.”

ಹಿಂದಿರುಗುವ ದಾರಿಯಲ್ಲಿ ರೂಪಾಲಿ ಪುರವಣಿಯನ್ನು ಮಡಿಚಿ ಚೀಲದ ತಳಕ್ಕೆ ಇಡುತ್ತಾಳೆ. ಅವಳು ದಡ್ಡಿಯಲ್ಲ. ಸೇತುವೆ ದಾಟಿದ ಮೇಲೆ ಕೇಳುತ್ತಾಳೆ, “ಅಕ್ಕಾ, ನಾ ಓದಿದ್ದು ತಪ್ಪಾತೇನ್ರಿ?”

“ಇಲ್ಲ. ಚಲೋ ಓದಿದಿ.”

“ನಾ ನಮ್ಮ ಆತ್ಯಾನ ಮ್ಯಾಲ ಒಂದ್ ಕಥಿ ಬರದೇನ್ರಿ. ನಮ್ಮಪ್ಪನ ತಂಗಿ, ಗಂಡನ ಮನಿ ಬಿಟ್ಟು ಬಂದಾಕಿ. ಅದನ್ನಽ ಕಳಸಬೇಕಂತ ಮಾಡಿದ್ದೆ. ಈಗ ಅಂಜಿಕಿ ಬರಾಕತ್ತೈತಿ.”

ಹುಸೇನಬಿ ಸ್ಕೂಟಿಯನ್ನು ಬದಿಗೆ ನಿಲ್ಲಿಸುತ್ತಾರೆ.

“ಮೊದ್ಲ ಆತ್ಯಾಗ ಓದಿ ಹೇಳು. ಆಕಿ ಮಾತಾಡೂವಾಗ ನಡುವ ಬಾಯಿ ಹಾಕಬ್ಯಾಡ. ನಾ ಹಿಂಗ್ಯಾಕ ಬರದೆ ಅಂದ್ರ ಅಂತ ಶುರು ಮಾಡಬ್ಯಾಡ. ಸುಮ್ನ ಕೇಳ್ಕೋ.”

“ಆಕಿ ಬ್ಯಾಡಽ ಅಂದ್ರ?”

“ಬ್ಯಾರೆ ಕಥಿ ಬರಿ. ಬರಿಯೋರಿಗೆ ಒಂದಽ ಕಥಿ ಇರೂದಿಲ್ಲ. ಆತ್ಯಾ ಮಾತ್ರ ಒಬ್ಬಾಕಿನಽ.”

“ಹಿಂಗ ಎಲ್ಲಾರನೂ ಕೇಳ್ಕೋತ ಹೋದ್ರ ಪುಸ್ತಕ ಯಾವಾಗ ಆಗೂದ್ರಿ?”

“ತಡಾ ಆಗತೈತಿ” ಎನ್ನುತ್ತಾರೆ ಹುಸೇನಬಿ.

ಬಸ್ ನಿಲ್ದಾಣದಲ್ಲಿ ಬಿಸಿಲು ಏರಿದೆ. ರೂಪಾಲಿ ಜೊಯಿಡಾ ಬಸ್ಸಿನ ಕಿಟಕಿಯಿಂದ ಕೈ ಬೀಸಿ ಹೋಗುತ್ತಾಳೆ. ವಜೀರ ಚಾಚಾ ತಮ್ಮ ಪಾಲಿನ ಮನೆಗಳನ್ನು ಮುಗಿಸಿ ಬಂದು ಕಟ್ಟೆಯ ಮೇಲೆ ಕಾಲು ಚಾಚಿದ್ದಾರೆ. ಹುಸೇನಬಿ ಉಳಿದ ಪ್ರತಿಗಳನ್ನು ಎಣಿಸಿ ಸುತಳಿ ಬಿಗಿಯುತ್ತಾರೆ. ಮನೆಗೆ ಹೋಗಿ ರೊಟ್ಟಿ ಬಡಿಯಬೇಕು, ಗಂಡ ಇವತ್ತು ಗೋವಾದಿಂದ ಬರುವ ದಿನ. ನಾಳೆ ನಸುಕಿಗೆ ಮತ್ತೆ ವ್ಯಾನು.

ಚೀಲದೊಳಗೆ ಫೋನು ಗುಂಯ್‌ಗುಡುತ್ತದೆ. ಧಾರವಾಡ. ಅವರು ಹೆಸರು ನೋಡುತ್ತಾರೆ, ಅದು ತಾನಾಗಿ ನಿಲ್ಲುವವರೆಗೆ ಕೈಯಲ್ಲಿ ಹಿಡಿದಿರುತ್ತಾರೆ.

“ಯಾರ ಬೇಟಿ? ಪುಸ್ತಕದವ್ರಾ?” ಎಂದು ಚಾಚಾ ಕೇಳುತ್ತಾರೆ. “ಮಿಠಾಯಿ ಯಾವಾಗ ಹಂಚಾಕಿ?”

“ಚಹಾ ಕುಡಿಯೂಣು ಬರ್ರಿ ಚಾಚಾ.”

“ಕೇಳಿದ್ದು ಮಿಠಾಯಿ, ಕೊಡೂದು ಚಹಾ. ಲೇಖಕರ ಬುದ್ಧಿನಽ ಇಷ್ಟು” ಎಂದು ಗೊಣಗುತ್ತ ಚಾಚಾ ಚಪ್ಪಲಿ ಹುಡುಕುತ್ತಾರೆ.

ಹುಸೇನಬಿ ನಗುತ್ತಾರೆ. ಈ ಕೊನೆಯಿಲ್ಲದಿದ್ದರೆ ಪುಸ್ತಕ ಬೇಡ ಎಂದು ಧಾರವಾಡದವರು ಅನ್ನಬಹುದು. ಅನ್ನಲಿಕ್ಕಿಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುವಷ್ಟು ಎಳಸಲ್ಲ ಅವರು. ಇಪ್ಪತ್ತು ವರ್ಷ ಬೇರೆಯವರ ಹೆಸರು ಅಚ್ಚಾದ ಕಾಗದ ಹಂಚಿದವರಿಗೆ, ತಮ್ಮ ಹೆಸರಿನ ಪುಸ್ತಕ ಎಷ್ಟು ಹತ್ತಿರ ಬಂದಿದೆ ಎಂಬುದು ಚೆನ್ನಾಗಿ ಗೊತ್ತು. ಆದರೂ ಸುತಳಿಯ ಗಂಟು ಹಾಕುವಷ್ಟರಲ್ಲಿ ಸಂಜೆ ಏನು ಹೇಳಬೇಕು ಎಂಬುದು ಅವರೊಳಗೆ ಕೂತಾಗಿದೆ. ಕಥೆ ಇನ್ನೂ ಮುಗಿದಿಲ್ಲ ಎಂದು ಹೇಳಬೇಕು. ಮುಗಿದ ಮೇಲೆ ಅದನ್ನು ಮೊದಲು ಕೇಳಬೇಕಾದವರು ಧಾರವಾಡದಲ್ಲಿಲ್ಲ, ಕೋಗಿಲಬನದಲ್ಲಿದ್ದಾರೆ. ಇದನ್ನು ಅವರು ಚಾಚಾನಿಗೆ ಹೇಳುವುದಿಲ್ಲ. ಮನೆಯಲ್ಲೂ ಹೇಳುವುದಿಲ್ಲ. ಕಟ್ಟನ್ನು ಎತ್ತಿ ಸ್ಕೂಟಿಯ ಮೇಲಿಟ್ಟು, ಚಾಚಾನ ಹಿಂದೆ ಚಹಾದ ಗಾಡಿಯ ಕಡೆ ನಡೆಯುತ್ತಾರೆ.